ಕೊಂಡಯ್ಯ ಕಟ್ಟಿದ ಕಮಾನು

"ಇನ್ನು ಮೇಲೆ ಈ ಕರಿಗುಡ್ಡದಲ್ಲಿ ಒಂದು ಗೋಡೆಯೂ ಬಿರುಕು ಬಿಡುವುದಿಲ್ಲ," ಎಂದು ಅಪ್ರಮೇಯ ಪಂಡಿತರು ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡರು. ಕಟ್ಟಡ ಕಟ್ಟುವವರನ್ನು ಪರೀಕ್ಷೆ ಮಾಡಿ ಪರವಾನಗಿ ಕೊಡುವ ಅಧಿಕಾರವನ್ನು ಅರಸ ಸಾಳಪ್ಪ ನಾಯಕ ಅವರಿಗೆ ವಹಿಸಿದ್ದ. ಮನೆ ಕಟ್ಟುವುದಕ್ಕೆ ಒಂದು ಮುದ್ರೆ, ಅಂಗಡಿ ಕಟ್ಟುವುದಕ್ಕೆ ಇನ್ನೊಂದು. ಮುದ್ರೆಯಿಲ್ಲದವನು ಗಾರೆ ಮೆತ್ತುವ ಕರಣೆ ಮುಟ್ಟುವಂತಿಲ್ಲ.

"ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ?" ಎಂದು ವಿದೂಷಕ ಕೊಂಡಯ್ಯ ಕೇಳಿದ.

"ಎರಡೂ ಬೇಕು."

"ನಡುವಿನ ಮೆಟ್ಟಿಲಿಗೆ?"

ಸಭೆ ನಕ್ಕಿತು. ಪಂಡಿತರು ನಗಲಿಲ್ಲ, ಬರೆದುಕೊಂಡರು. ಮರುದಿನ ಮೆಟ್ಟಿಲಿಗೆ ಮೂರನೆಯ ಮುದ್ರೆ ಜಾರಿಗೆ ಬಂತು.

ವಾರದೊಳಗೆ ಗಾರೆ ಕೆಲಸದ ಓಬಯ್ಯ ಕೊಂಡಯ್ಯನ ಜಗಲಿಗೆ ಬಂದು ಕುಳಿತ. ಊರಿನ ಅರ್ಧ ಮನೆ ಕಟ್ಟಿದವನು ಅವನೇ.

"ಪರೀಕ್ಷೇಲಿ ವಾಸ್ತುವಿನ ನಲವತ್ತು ಶ್ಲೋಕ ಹೇಳು ಅಂದ್ರು ಸ್ವಾಮಿ. ನಂಗೆ ಇಟ್ಟಿಗೆ ಗೊತ್ತು, ಶ್ಲೋಕ ಎಲ್ಲಿಂದ ತರ್ಲಿ? ಕರಣೆ ಕಿತ್ಕೊಂಡ್ರು. ಮನೇಲಿ ಒಲೆ ಹಚ್ಚಿ ಎರಡು ದಿನ ಆಯ್ತು. ಅದ್ರ ಮೇಲೆ ಮೆಟ್ಟಿಲಿಗೂ ಒಂದು ಪರೀಕ್ಷೆಯಂತೆ. ಅದ್ಯಾವ ಪುಣ್ಯಾತ್ಮನ ತಲೆಗೆ ಹೊಳೀತೋ."

ಪುಣ್ಯಾತ್ಮ ತನ್ನ ಕಾಲ್ಬೆರಳು ನೋಡುತ್ತ ಕುಳಿತ. ತನ್ನ ನಾಲಿಗೆಯ ಬಗ್ಗೆ ಅವನಿಗೆ ಇದ್ದ ಹೆಮ್ಮೆಯೆಲ್ಲ ಅಂದು ಇಳಿದುಹೋಯಿತು. ಓಬಯ್ಯನಿಗೆ ಒಂದು ಮೂಟೆ ಅಕ್ಕಿ ಹೊರಿಸಿ ಕಳಿಸಿ, ಸೀದಾ ಪಂಡಿತರ ಪರೀಕ್ಷೆಗೆ ಹೋದ.

ಕೊಂಡಯ್ಯ ಹುಟ್ಟಿದಾರಭ್ಯ ಗೋಡೆಗೆ ಒಂದು ಮೊಳೆ ಹೊಡೆದವನಲ್ಲ. ಹೊಡೆದದ್ದು ಒಮ್ಮೆ, ಅದು ಹೆಬ್ಬೆರಳಿಗೆ ಬಿದ್ದಿತ್ತು. ಆದರೆ ಅವನ ಮೈಯಲ್ಲಿ ದುಡಿಯುವ ಅಂಗ ಬಾಯಿ ಒಂದೇ. ನಲವತ್ತು ಶ್ಲೋಕವನ್ನೂ ರಾಗವಾಗಿ ಹೇಳಿದ. ಪಂಡಿತರು ಆನಂದಬಾಷ್ಪ ಸುರಿಸಿ ಮೂರೂ ಮುದ್ರೆ ಒತ್ತಿದರು.

ಅರಸನಿಗೆ ಮೋಜೆನಿಸಿತು. "ಹಾಗಾದರೆ ಪೇಟೆ ಬೀದಿಯ ಬಾಗಿಲಿಗೆ ನೀನೇ ಕಮಾನು ಕಟ್ಟು, ಕೊಂಡಯ್ಯ."

ಕಟ್ಟಿದ. ಎಂಟು ದಿನದಲ್ಲಿ ಕೈಯೆಲ್ಲ ಬೊಬ್ಬೆ, ಗಡ್ಡವೆಲ್ಲ ಸುಣ್ಣ. ಕಮಾನು ಮಲಗಲು ಜಾಗ ಹುಡುಕುವ ಎಮ್ಮೆಯ ಹಾಗೆ ಒಂದು ಕಡೆಗೆ ವಾಲಿತ್ತು. ಕೆಳಗೆ ಕೊಟ್ಟ ಆಸರೆಯ ಮರಗಳೇ ಅದನ್ನು ಹಿಡಿದಿದ್ದವು.

ಕರಿಗುಡ್ಡದ ಗಾರೆಯವರಲ್ಲಿ ಒಂದು ಪದ್ಧತಿ. ಹೊಸಬನ ಮೊದಲ ಕಮಾನಿನ ಆಸರೆ ತೆಗೆಯುವಾಗ ಕಟ್ಟಿದವನೂ, ಅವನಿಗೆ ಕೆಲಸ ಬಂದಿದೆ ಎಂದು ಒಪ್ಪಿದ ಗುರುವೂ ಅದರಡಿ ನಿಲ್ಲಬೇಕು. ಆ ದಿನ ಅರಸ, ಪರಿವಾರ, ಪೇಟೆಯ ಮಂದಿ ಎಲ್ಲ ಸೇರಿದರು. ಕೊಂಡಯ್ಯ ಕಮಾನಿನಡಿ ಹೋಗಿ ನಿಂತ. ವಾಲಿದ ಕಡೆಯನ್ನೊಮ್ಮೆ ನೋಡಿ ಪಂಡಿತರತ್ತ ಕೈ ಚಾಚಿದ.

"ಬನ್ನಿ ಗುರುಗಳೇ."

ಪಂಡಿತರು ಹಿಂದೆ ಸರಿದರು. "ನಾನೇಕೆ?"

"ನನಗೆ ಕೆಲಸ ಬಂದಿದೆ ಎಂದು ಮುದ್ರೆ ಒತ್ತಿದವರು ನೀವು. ಒಂದಲ್ಲ, ಮೂರು."

"ಪ್ರಭು, ಆಸರೆ ತೆಗೆದರೆ ಇದು ಬೀಳುತ್ತದೆ."

"ನಿಮಗೆ ಹೇಗೆ ಗೊತ್ತಾಯಿತು?" ಎಂದ ಅರಸ.

"ಕಣ್ಣಿದ್ದವರಿಗೆ ಕಾಣುವುದಿಲ್ಲವೇ?"

"ಪರೀಕ್ಷೆಯ ದಿನ ಬರೀ ಕಿವಿ ತಂದಿದ್ದಿರಲ್ಲ ಸ್ವಾಮಿ," ಎಂದ ಕೊಂಡಯ್ಯ. "ಓಬಯ್ಯನ ಪರೀಕ್ಷೆಗೂ ಈ ಕಣ್ಣನ್ನೇ ತಂದಿದ್ದರೆ ಅವನ ಮನೆಯ ಒಲೆ ಆರುತ್ತಿರಲಿಲ್ಲ."

ಅರಸನ ಮುಖ ಗಂಭೀರವಾಯಿತು. ಎಲ್ಲರನ್ನೂ ದೂರ ನಿಲ್ಲಿಸಿ, ಆಸರೆಗೆ ಹಗ್ಗ ಕಟ್ಟಿ ಎಳೆಸಿದ. ಕಮಾನು ಬಿದ್ದ ಧೂಳು ಇಳಿಯುವ ಮೊದಲೇ ಓಬಯ್ಯನ ಕರಣೆ ಅವನ ಕೈಗೆ ಬಂತು.

ಓಬಯ್ಯ ಅದೇ ಜಾಗದಲ್ಲಿ ಕಮಾನು ಎಬ್ಬಿಸಿದ. ಈ ಸಲ ಅರಸ ಪಂಡಿತರನ್ನು ಬಿಡಲಿಲ್ಲ, ಅವರು ಓಬಯ್ಯನ ಪಕ್ಕ ಕಣ್ಣು ಮುಚ್ಚಿ ನಿಂತರು. ಆಸರೆ ತೆಗೆದರು, ಕಮಾನು ಅಲುಗಲಿಲ್ಲ. ಪಂಡಿತರು ಅಲ್ಲೇ ಮುದ್ರೆ ಒತ್ತಿದರು. ಇನ್ನು ಪರೀಕ್ಷೆ ಎಂದರೆ ಇದೇ, ಶ್ಲೋಕ ಬೇಡ ಎಂದು ಅರಸ ಸಾರಿದ.

"ನಿನಗೇನು ಬೇಕು, ಕೊಂಡಯ್ಯ?"

"ನನ್ನ ಮೂರು ಮುದ್ರೆಯನ್ನೂ ಹಿಂದಕ್ಕೆ ತಗೊಳ್ಳಿ, ಪ್ರಭು. ಮೆಟ್ಟಿಲಿನ ಮಾತು ಎತ್ತಿದ ತಪ್ಪಿಗೆ ನಾಲ್ಕು ದಿನ ಓಬಯ್ಯನ ಕೈಕೆಳಗೆ ಕಲ್ಲು ಹೊರುತ್ತೇನೆ."

ಅರಸ ಓಬಯ್ಯನ ಕಡೆ ನೋಡಿದ. ಓಬಯ್ಯ ಬದಿಗೆ ಸರಿಸಿದ್ದ ಹಳೆಯ ಕಮಾನಿನ ರಾಶಿಯನ್ನೊಮ್ಮೆ, ಕೊಂಡಯ್ಯನನ್ನೊಮ್ಮೆ ನೋಡಿ ಕೈಮುಗಿದ.

"ಬುದ್ಧಿ, ಕಲ್ಲು ಹೊರೋರಿಗೂ ಒಂದು ಪರೀಕ್ಷೆ ಇಡ್ಸಿ."