ಅಧ್ಯಕ್ಷರ ತೂಕದ ಹಗ್ಗ

ಕಾಲಿಗೆ ಹಿಗ್ಗುವ ಹಗ್ಗ ಕಟ್ಟಿಕೊಂಡು ಎತ್ತರದಿಂದ ಹಾರುವ ಬಂಗೀ ಜಿಗಿತದಲ್ಲಿ ತೂಕ ನೋಡದೆ ಹಗ್ಗ ಕಟ್ಟುವಂತಿಲ್ಲ. ತೆಳು ಹಗ್ಗ ಭಾರಕ್ಕೆ ಅತಿಯಾಗಿ ಹಿಗ್ಗಿದರೆ ಕೆಳಗೆ ಬಂಡೆ.

ಬೆಟ್ಟದ ಮೇಲಿನ ಜಿಗಿತ ಕೇಂದ್ರದ ಉದ್ಘಾಟನೆಗೆ ಮೊದಲ ಜಿಗಿತ ಜಿಗಿಯಲು ಬಂದ ಪುರಸಭೆ ಅಧ್ಯಕ್ಷರು ತೂಕದ ಯಂತ್ರ ಕಂಡು ಗುಡುಗಿದರು. "ನಾನೇನು ಈರುಳ್ಳಿ ಮೂಟೆಯೇನಯ್ಯಾ? ಎಂಬತ್ತು ಕೆಜಿ ಅಂತ ಬರ್ಕೊ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಹಗ್ಗ ಕಟ್ಟುವ ನೌಕರ ಕೈಮುಗಿದ. "ತೂಕ ಬೇಡ ಸಾಹೇಬ್ರೇ. ಅಭಿಮಾನಿಗಳು ತಮಗೆ ಅಕ್ಕಿ ತುಲಾಭಾರ ಮಾಡಿಸ್ತಾರಂತೆ."

ಅಧ್ಯಕ್ಷರ ಮುಖ ಅರಳಿತು. ಬೆಟ್ಟದ ಗುಡಿಯ ತಕ್ಕಡಿ ಬಂತು. ಹಾರ ಹಾಕಿಸಿಕೊಂಡು ಕುಳಿತರು. ಇಪ್ಪತ್ತೈದು ಕೆಜಿಯ ಮೂಟೆ ನಾಲ್ಕಾದರೂ ಅವರ ತಟ್ಟೆ ಮೇಲೇಳಲಿಲ್ಲ, ಐದನೆಯದಕ್ಕೆ ಸಮವಾಯಿತು.

ನೌಕರ ಸದ್ದಿಲ್ಲದೆ ನೂರಿಪ್ಪತ್ತೈದು ಕೆಜಿಯ ದಪ್ಪ ಹಗ್ಗ ತಂದು ಕಟ್ಟಿದ.

ಜಿಗಿದು ಮೇಲೆ ಬಂದ ಅಧ್ಯಕ್ಷರು ಹಗ್ಗದ ಮೇಲಿನ ಅಂಕಿ ಓದಿ ನೌಕರನನ್ನು ಹತ್ತಿರ ಕರೆದರು. "ಎಂಬತ್ತರದ್ದು ಕಟ್ಟಿದ್ದಿದ್ರೆ ಏನಾಗ್ತಿತ್ತಯ್ಯಾ?"

"ಇದೇ ಅಕ್ಕಿ ತಿಥಿ ಊಟಕ್ಕಾಗ್ತಿತ್ತು, ಸಾಹೇಬ್ರೇ."