ಒಂಬತ್ತು ಹಾಲುವಾಣಗಳ ದಿಬ್ಬ

ಹಳಿಯಾಳದ ಕಾಡಿಗೆ ಗಾಡಿದಾರಿಯೂ ಇಲ್ಲದಿದ್ದ ಕಾಲದಲ್ಲಿ, ಗೋವೆಯ ಕಡೆಯಿಂದ ಹನ್ನೆರಡು ಕ್ರೈಸ್ತ ಮನೆತನಗಳು ಘಟ್ಟ ಹತ್ತಿ ಬಂದವು. ತಂದದ್ದು ಬಿತ್ತನೆಯ ಭತ್ತ, ಮಾತೆ ಮರಿಯಳ ಮೊಳದುದ್ದದ ಪ್ರತಿಮೆ, ಮುಂದೆ ಕಟ್ಟಬೇಕಾದ ಇಗರ್ಜಿಯ ಬಾಗಿಲಿಗೆಂದು ಹತ್ತು ಕಬ್ಬಿಣದ ಮೊಳೆ. ಮೊಳೆಗಳು ಬಡಗಿ ಬಸ್ತ್ಯಾಂವನ ಸೊಂಟದ ಚೀಲದಲ್ಲಿದ್ದವು.

ಮೊದಲ ಮಳೆಗಾಲದಲ್ಲೇ ಚಳಿಜ್ವರ ಒಂಬತ್ತು ಜನರನ್ನು ಒಯ್ದಿತು. ಕೊನೆಯವಳು ಬಸ್ತ್ಯಾಂವನ ಹೆಂಡತಿ ಪಿಯದಾದ್. ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಬಸ್ತ್ಯಾಂವನಿಗೂ ಜ್ವರ. ಸಾಗುವಾನಿ ಕಡಿಯುವ ಶಕ್ತಿ ಇರಲಿಲ್ಲ. ಬೇಲಿಗೆ ಹಾಕುವ ಹಸಿ ಹಾಲುವಾಣದ ಗೂಟಗಳನ್ನೇ ಕಡಿದು, ದಿಬ್ಬದ ಮೇಲಿನ ಒಂಬತ್ತು ಗೋರಿಗಳಿಗೆ ಒಂಬತ್ತು ಶಿಲುಬೆ ಮಾಡಿದ. ಒಂದೊಂದಕ್ಕೆ ಒಂದೊಂದು ಮೊಳೆ. ಹೆಂಡತಿಯ ಶಿಲುಬೆಯ ಅಡ್ಡಪಟ್ಟಿ ಮಾತ್ರ ವಾಲಿತು. ಉಳಿದಿದ್ದ ಹತ್ತನೆಯ ಮೊಳೆಯನ್ನೂ ಅದಕ್ಕೇ ಹೊಡೆದ.

"ಇದು ಸದ್ಯಕ್ಕೆ. ಸಾಗುವಾನಿಯದು ಮಾಡಿ ತರ್ತೇನೆ," ಎಂದು ಅವಳಿಗೆ ಹೇಳಿ ಬಂದ.

ಉಳಿದವರು ಜ್ವರದ ಜಾಗ ಬಿಟ್ಟು ಹೊಳೆಯಾಚೆ ಊರು ಕಟ್ಟಿದರು. ಸಾಗುವಾನಿ ಶಿಲುಬೆಗೆ ಮೂರು ವರ್ಷ ಹಿಡಿಯಿತು, ಮರ ಒಣಗಬೇಕಲ್ಲ. ಹೊತ್ತುಕೊಂಡು ಹೋದರೆ ದಿಬ್ಬವೇ ಸಿಗಲಿಲ್ಲ. ಎಲ್ಲೆಲ್ಲೂ ಬಿದಿರು, ಬಳ್ಳಿ, ಮುಳ್ಳುಪೊದೆ. ಹಾಲುವಾಣ ಒಂದು ಮಳೆಗಾಲ ತಾಳದ ಮರ, ಗೆದ್ದಲು ತಿಂದಿರಬೇಕು ಎಂದುಕೊಂಡ. ಬಡಗಿಯಾದವನಿಗೆ ಅದು ನಾಚಿಕೆಯ ಮಾತು; ಯಾರಿಗೂ ಹೇಳಲಿಲ್ಲ. ಶಿಲುಬೆಯನ್ನು ಮನೆಯ ಹಿಂದೆ ಗೋಡೆಗೆ ಒರಗಿಸಿದ. ಅದು ಅಲ್ಲೇ ಹದಿನೇಳು ವರ್ಷ ನಿಂತಿತು.

ಮಗಳು ಕೊನ್ಸುವಿಗೆ ಮದುವೆ ಗೊತ್ತಾಯಿತು. ಮದುವೆ ನಡೆಯದ ತಪಸ್ಸುಕಾಲ ಹತ್ತಿರವಿತ್ತು, ಅದಕ್ಕೆ ಮೊದಲು ಆಗದಿದ್ದರೆ ಈಸ್ಟರ್ ಕಳೆಯಬೇಕು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರಕ್ಕೆ ರೋಸ್ ಎನ್ನುತ್ತಾರೆ. ಅದಕ್ಕೆ ಮೊದಲು ತೀರಿಹೋದವರ ಗೋರಿಗೆ ಮೇಣದಬತ್ತಿ ಹಚ್ಚುವುದು ಆ ಊರಿನ ವಾಡಿಕೆ.

"ಮಾಯ್‌ಗೆ ಹೇಳದೆ ನಾನು ರೋಸಿಗೆ ಕೂರೋದಿಲ್ಲ, ಪಾಯ್," ಎಂದಳು ಕೊನ್ಸು.

"ಇಗರ್ಜಿಯಲ್ಲಿ ಹಚ್ಚು," ಎಂದ ತಂದೆ.

"ಮಾಯ್ ಇಗರ್ಜಿಯಲ್ಲಿಲ್ಲ."

ಬಸ್ತ್ಯಾಂವ ಗುದ್ದಲಿ ಹಿಡಿದು ಕಾಡಿಗೆ ಹೋದ. ಐದು ದಿನ ನೆಲ ಕೆರೆದ. ಮರದ ಒಂದು ಚೂರೂ ಸಿಗಲಿಲ್ಲ. ಆರನೆಯ ದಿನವೇ ರೋಸ್. ಬೆಳಿಗ್ಗೆ ಮನೆಯಲ್ಲಿ ಹೆಂಗಸರು ಕಾಯಿ ತುರಿಯುತ್ತಿದ್ದಾಗ, ಅವನು ಇಗರ್ಜಿಗೆ ಹೋಗಿ ಮಾತೆಯ ಮುಂದೆ ಮೊಣಕಾಲೂರಿದ. ಆಗ ವಾಣಿಯಾಯಿತು: "ನೆಲವನ್ನೇಕೆ ನೋಡುತ್ತೀ, ಬಸ್ತ್ಯಾಂವ? ತಲೆಯೆತ್ತು."

ತಲೆಯೆತ್ತಿದ. ಮಾಡಿನಲ್ಲಿ ಒಂದು ಹೆಂಚು ಸರಿದಿತ್ತು. ಹತ್ತಿ ಅದನ್ನು ಸರಿಮಾಡಿ, ಮತ್ತೆ ಗುದ್ದಲಿ ಹಿಡಿದು ಕಾಡಿಗೆ ಹೋದ.

ಅಲ್ಲಿ ಧೋಂಡು ಗೌಳಿ ಎಮ್ಮೆ ಮೇಯಿಸುತ್ತಿದ್ದ.

"ಏನು ಮೇಸ್ತ್ರಿ, ಐದು ದಿನದಿಂದ ಕೆರೀತಿದ್ದೀರಿ. ಗೆಣಸು ಹಾಕ್ತೀರೇನು?"

"ಗೋರಿ ಹುಡುಕ್ತಿದ್ದೇನೆ. ಸಾಲಾಗಿ ಒಂಬತ್ತು."

"ಗೋರಿ ನಾ ಕಾಣೆ. ಸಾಲಾಗಿ ಒಂಬತ್ತು ಅಂದ್ರೆ ಹಾಲುವಾಣ ಇದಾವೆ. ಮಧ್ಯಾಹ್ನ ನನ್ನ ಎಮ್ಮೆ ಅಲ್ಲೇ ಮಲಗ್ತಾವೆ. ನಟ್ಟನಡು ಕಾಡಲ್ಲಿ ಯಾವ ಪುಣ್ಯಾತ್ಮ ಬೇಲಿ ಹಾಕಿದ್ನೋ. ಬೇಲಿಯೊಳಗೆ ಗದ್ದೆನೂ ಇಲ್ಲ."

ಬಸ್ತ್ಯಾಂವ ತಲೆಯೆತ್ತಿದ. ಬಿದಿರಿನ ಮೇಲೆ, ಎಲೆಯಿಲ್ಲದ ಕೊಂಬೆಗಳ ತುಂಬ, ಕೆಂಪು ಹೂ.

ಗುದ್ದಲಿ ಅಲ್ಲೇ ಬಿತ್ತು. ಅವನು ನೆಟ್ಟ ಹಸಿ ಗೂಟಗಳೇ ಬೇರುಬಿಟ್ಟು ಮರವಾಗಿದ್ದವು. ಮರ ತುದಿಯಲ್ಲಿ ಬೆಳೆಯುತ್ತದೆ. ಹೊಡೆದ ಮೊಳೆ ಹೊಡೆದ ಎತ್ತರದಲ್ಲೇ ಉಳಿಯುತ್ತದೆ. ಬಡಗಿಗೆ ಇದು ಗೊತ್ತು. ಬಿದಿರು ಸರಿಸಿ ಹೋಗಿ, ಮೊದಲ ಮರದ ಕಾಂಡವನ್ನು ಎದೆಮಟ್ಟದಲ್ಲಿ ಸವರಿದ. ತೊಗಟೆ ಮೊಳೆಯನ್ನು ನುಂಗಿದ ಕಡೆ ಒಂದು ಗುಳಿ. ಎರಡನೆಯ ಮರಕ್ಕೂ ಒಂದು. ಎಂಟು ಮರಗಳಿಗೂ ಒಂದೊಂದೇ. ಒಂಬತ್ತನೆಯದಕ್ಕೆ ಎರಡು.

"ಮೇಸ್ತ್ರಿ, ನಗ್ತಿದ್ದೀರೋ, ಅಳ್ತಿದ್ದೀರೋ?"

"ಓಡು. ಕೊನ್ಸುವನ್ನು ಕರೆದುಕೊಂಡು ಬಾ."

"ಎಮ್ಮೆ?"

"ನಾನು ಕಾಯ್ತೇನೆ."

ಕೊನ್ಸು ಬಂದಳು. ಹಿಂದೆಯೇ ತೆಂಗಿನ ಹಾಲಿನ ತಪ್ಪಲೆ ಹೊತ್ತು ಊರಿಗೆ ಊರೇ ಬಂತು. ಕೊನ್ಸು ಬತ್ತಿ ಹಚ್ಚಿ, ಮರವನ್ನು ತಬ್ಬಿ, ಹೇಳಬೇಕಾದ್ದನ್ನು ಮಾಯ್‌ಗೆ ಹೇಳಿದಳು. ರೋಸ್ ಆ ಮರದ ಬುಡದಲ್ಲೇ ಆಯಿತು. ಹಾಲು ಹಚ್ಚಿದ ತಲೆಗೆ ಹೂಗಳು ಉದುರಿ ಅಂಟಿಕೊಂಡವು. ಮೊದಲ ಬೊಗಸೆ ಹಾಲು ಹಾಕಿದ ಮುದುಕಿ ಅವನ್ನು ತೆಗೆಯಲು ಬಿಡಲಿಲ್ಲ. "ಹಾಗೇ ಇರಲಿ. ಮೊದಲು ಹಾಕಿದ್ದು ನಾನಲ್ಲ, ಇವಳ ಮಾಯ್ ಪಿಯದಾದ್," ಎಂದಳು.

ಗೋರಿಗಳ ಗುರುತು ಈಗಿಲ್ಲ. ದಿಬ್ಬ ಇದೆ. ಅಂದಿನಿಂದ ಊರಿನ ಪ್ರತಿಯೊಬ್ಬ ಮದುಮಗಳೂ ರೋಸಿನ ದಿನ ಅಲ್ಲಿ ಒಂದು ಹಾಲುವಾಣದ ಗೂಟ ನೆಡುತ್ತಾಳೆ. ಒಂಬತ್ತು ಈಗ ತೋಪಾಗಿದೆ. ಧೋಂಡುವಿನ ವಂಶದವರ ಎಮ್ಮೆಗಳನ್ನು ಅಲ್ಲಿಂದ ಯಾರೂ ಎಬ್ಬಿಸುವುದಿಲ್ಲ. ಬಂದವರು ಎರಡು ಗುಳಿಯ ಮರವನ್ನು ಮುಟ್ಟಿ ನೋಡಬಹುದು. ತೊಗಟೆ ಕೀಳಬಾರದು.

ಇಗರ್ಜಿಗೆ ಇಂದಿಗೂ ಬಾಗಿಲಿಲ್ಲ. ಅದರ ಮೊಳೆಗಳು ದಿಬ್ಬದ ಮರಗಳಲ್ಲಿವೆ. ಯಾರು ಯಾವಾಗ ಬೇಕಾದರೂ ಒಳಗೆ ಬರಬಹುದು. ಬಸ್ತ್ಯಾಂವನ ಸಾಗುವಾನಿ ಶಿಲುಬೆ ಬಲಿಪೀಠದ ಹಿಂದೆ ಇದೆ. ಚೆನ್ನಾಗಿ ಒಣಗಿದ, ಗಟ್ಟಿ ಮರ. ಇನ್ನೂ ಚಿಗುರಿಲ್ಲ.