ದೋಣಿಯಲ್ಲಿ ಒಣಗಿದ ನೂಲು

“ಎರಡು ಕಡೆಯೂ ಸರಿಯಾಗಿದೆ ಸರ್. ಜೋಡಿಸಿದಾಗ ಮಾತ್ರ ತಪ್ಪಾಗುತ್ತೆ. ಯಾಕೆ?”

ಈ ಪ್ರಶ್ನೆ ಕೇಳಲೆಂದೇ ಕಾತ್ಯಾಯಿನಿ ಮೂರು ಗಂಟೆ ಬಸ್ಸಿನಲ್ಲಿ ಕುಳಿತು ಬಂದಿದ್ದಳು. ಇಪ್ಪತ್ತೈದು ವರ್ಷಗಳ ಹಿಂದೆ ಪಾಲಿಟೆಕ್ನಿಕ್ಕಿನಲ್ಲಿ ಅವಳಿಗೆ ಕಂಪ್ಯೂಟರ್ ಕಲಿಸಿದವರು ಈ ಮೇಷ್ಟ್ರು. ಆಗ ಇಡೀ ಕಾಲೇಜಿಗೆ ಇದ್ದದ್ದು ಆರು ಕಂಪ್ಯೂಟರು. ಚಪ್ಪಲಿ ಹೊರಗೆ ಬಿಟ್ಟೇ ಆ ಕೋಣೆಗೆ ಹೋಗಬೇಕಿತ್ತು. ಮೇಷ್ಟ್ರು ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ, ಅಂಗಿ ಜೇಬಿನಲ್ಲಿಟ್ಟುಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಇಂದು ಅವರ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವಳಿಗೆ ಅದೆಲ್ಲ ನೆನಪಾಯಿತು. ಆಗ ತಪ್ಪು ಮಾಡಿದರೆ ಮೇಷ್ಟ್ರು ಬೈಯುತ್ತಿದ್ದರು, ಅಷ್ಟೇ. ಈಗ ತಪ್ಪಿದರೆ ಯಾರದೋ ಜೀವಕ್ಕೆ ಕುತ್ತು ಬರುತ್ತದೆ.

ಅವಳು ಎಲ್ಲವನ್ನೂ ಹೇಳಿದಳು. ಒಂದು ದೊಡ್ಡ ಆಸ್ಪತ್ರೆ. ರಕ್ತ ಪರೀಕ್ಷೆ ಮಾಡುವ ಲ್ಯಾಬಿಗೆ ಒಂದು ಸಾಫ್ಟ್‌ವೇರ್, ವಾರ್ಡುಗಳಿಗೆ ಇನ್ನೊಂದು. ಎರಡನ್ನೂ ಜೋಡಿಸುವ ಕೆಲಸ ಅವಳದು. ಲ್ಯಾಬಿನವರನ್ನು ಕೇಳಿ, ವಾರ್ಡಿನವರನ್ನು ಕೇಳಿ, ಎಂಟು ತಿಂಗಳು ಕೂತು ಯೋಜನೆ ಮಾಡಿದ್ದಳು. ಕಳೆದ ವಾರ ಜೋಡಿಸಿದ ಮೊದಲ ದಿನವೇ ಒಬ್ಬ ರೋಗಿಯ ವರದಿ ಇನ್ನೊಬ್ಬನ ಹೆಸರಿಗೆ ಹೋಯಿತು. ನರ್ಸ್ ಒಬ್ಬರು ಅನುಮಾನಪಟ್ಟು ತಡೆದದ್ದರಿಂದ ಬಚಾವ್. ಸೋಮವಾರ ಮತ್ತೆ ಜೋಡಿಸಬೇಕು.

“ಇಷ್ಟು ವರ್ಷ ವರದಿ ಹೊತ್ತು ಓಡಾಡುತ್ತಿದ್ದ ಅಟೆಂಡರಿಗೆ ಶಾಲು ಹೊದಿಸಿ ಕಳಿಸಿದ್ದೂ ಆಯ್ತು ಸರ್. ಇನ್ನು ಹಿಂದಕ್ಕೆ ಹೋಗೋ ಹಾಗಿಲ್ಲ.”

ಮೇಷ್ಟ್ರು ಒಂದು ಹಾಳೆ ಮುಂದಿಟ್ಟು, ನಿನ್ನ ಯೋಜನೆಯನ್ನು ಬರೆದು ತೋರಿಸು ಎಂದರು. ಅವಳು ಎರಡು ಚೌಕ ಬರೆದು ನಡುವೆ ಗೆರೆ ಎಳೆದಳು.

“ಗೆರೆ ಆಗಲೂ ನೆಟ್ಟಗೆ ಎಳೀತಿದ್ದೆ, ಈಗಲೂ ಹಾಗೇ,” ಎಂದು ನಕ್ಕು ಮೇಷ್ಟ್ರು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ನದಿಯ ಆಚೆ ದಡದಲ್ಲಿ ಅವನ ಬಣ್ಣದ ಮನೆ, ಈಚೆ ದಡದಲ್ಲಿ ಮಗ್ಗ. ಆಚೆ ಬಣ್ಣಗಾರ ನೂಲಿಗೆ ಬಣ್ಣ ಹಾಕುತ್ತಿದ್ದ. ಈಚೆ ನೇಕಾರ ನೇಯುತ್ತಿದ್ದ. ನಡುವೆ ಒಬ್ಬ ಅಂಬಿಗ ದೋಣಿಯಲ್ಲಿ ನೂಲು ತರುತ್ತಿದ್ದ. ಎಷ್ಟು ಒಗೆದರೂ ಬಣ್ಣ ಬಿಡದ ಸೀರೆ ಎಂದು ಹತ್ತೂರಿನಲ್ಲಿ ಹೆಸರು. ಅದು ನನ್ನ ಬಣ್ಣದ ಗುಣ ಎಂದು ಬಣ್ಣಗಾರ, ನನ್ನ ಕೈಗುಣ ಎಂದು ನೇಕಾರ. ಇಬ್ಬರೂ ಮೀಸೆ ತಿರುವುತ್ತಿದ್ದರು. ಅಂಬಿಗನ ಎರಡು ಕೈಯೂ ಹುಟ್ಟಿನ ಮೇಲಿರುತ್ತಿದ್ದವು.

ದೋಣಿ ನಿಧಾನ. ಬೆಳಿಗ್ಗೆ ಹೊರಟರೆ ಸುಳಿ ತಪ್ಪಿಸಿ, ನಡುಗಡ್ಡೆ ಬಳಸಿ ಈಚೆ ಮುಟ್ಟುವಾಗ ಮಧ್ಯಾಹ್ನ. ವ್ಯಾಪಾರಿಗೆ ಸಾಕಾಯಿತು. ಸೇತುವೆ ಕಟ್ಟಿಸಲು ಹೊರಟ. ಅವನೇನು ದುಡುಕಿನವನಲ್ಲ. ನೀನು ಕಳಿಸುವುದು ಏನು ಎಂದು ಬಣ್ಣಗಾರನನ್ನು ಕೇಳಿದ. ಕೆಂಪು ನೂಲು ಎಂದ. ನಿನಗೆ ಬೇಕಾದದ್ದು ಏನು ಎಂದು ನೇಕಾರನನ್ನು ಕೇಳಿದ. ಅವನೂ ಕೆಂಪು ನೂಲು ಎಂದ. ಎರಡೂ ತಾಳೆಯಾಯಿತು. ಹೇಳಿದ ದಿನಕ್ಕೆ ಸೇತುವೆಯೂ ಮುಗಿಯಿತು. ವ್ಯಾಪಾರಿ ಅಂಬಿಗನಿಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು ಮನೆಗೆ ಕಳಿಸಿದ.

ಆ ವರ್ಷವೇ ವ್ಯಾಪಾರಿಯ ಒಬ್ಬಳೇ ಮಗಳ ಮದುವೆ. ಬಿಳಿ ಒಡಲು, ಕೆಂಪಂಚಿನ ಧಾರೆ ಸೀರೆ. ಸೇತುವೆಯ ಮೇಲೆ ಬಂದ ಮೊದಲ ನೂಲಿನಲ್ಲೇ ಅದನ್ನು ನೇಯಿಸಬೇಕೆಂದು ಅವನ ಆಸೆ. ನೂಲು ಒದ್ದೆ ಬಂತಲ್ಲ ಎಂದು ನೇಕಾರ ಗೊಣಗಿದ. ಒಣಗಿಸಿಕೊಂಡು ನೇಯ್ದ. ಮಂಟಪದಲ್ಲಿ ಧಾರೆಯ ನೀರು ಬಿದ್ದದ್ದೇ ತಡ, ಅಂಚಿನ ಕೆಂಪು ಬಿಳಿ ಒಡಲಿಗೆ ಇಳಿಯಿತು. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಮಗಳು ಒದ್ದೆ ಸೆರಗನ್ನು ಮುಷ್ಟಿಯಲ್ಲಿ ಮುದುರಿ ಹಿಡಿದು ತಲೆ ತಗ್ಗಿಸಿದಳು.

ಬಣ್ಣಗಾರ ನೇಕಾರನನ್ನು ಬೈದ, ನೇಕಾರ ಬಣ್ಣಗಾರನನ್ನು ಬೈದ. ವ್ಯಾಪಾರಿ ಇಬ್ಬರ ಕೆಲಸವನ್ನೂ ಎದುರಿಗೆ ಕೂತು ನೋಡಿದ. ಮೊದಲು ಹೇಗಿತ್ತೋ ಹಾಗೇ ಇತ್ತು. ದಿಕ್ಕು ತೋಚದೆ ನದಿಯ ದಡಕ್ಕೆ ಬಂದ. ಅಲ್ಲಿ ಅಂಬಿಗನ ಗುಡಿಸಲು. ಅಂಗಳದ ಹಗ್ಗದ ಮೇಲೆ ಅವನ ಹೆಗಲ ವಸ್ತ್ರ ತೂಗುತ್ತಿತ್ತು. ಹೊಸದರಲ್ಲಿ ಬಿಳಿಯದೇ ಇದ್ದಿರಬೇಕು, ಈಗ ಅದರ ತುಂಬ ಕೆಂಪು, ಹಸಿರು, ಹಳದಿ ಕಲೆ.

‘ಇದೇನಯ್ಯ ಕಲೆ?’ ಎಂದ ವ್ಯಾಪಾರಿ.

‘ನೂಲಿಂದು, ಬುದ್ಧಿ. ಒದ್ದೆ ನೂಲು ದೋಣಿಗೆ ಭಾರ ಅಂತ ಬಿದಿರು ಗಳಕ್ಕೆ ಒಣ ಹಾಕ್ಕೊಂಡು ಬರ್ತಿದ್ದೆ. ಬರೋವಾಗ ಒಂದೊಂದು ಲಡೀನೂ ಈ ವಸ್ತ್ರಕ್ಕೆ ಉಜ್ಜಿ ನೋಡ್ತಿದ್ದೆ. ಬಣ್ಣ ಹತ್ತಿದರೆ ಹೊಳೇಲಿ ಜಾಲಿಸಿ ಮತ್ತೆ ಗಳಕ್ಕೆ ಹಾಕೋದು. ಹತ್ತದೇ ಇರೋ ತನಕ ದಡ ಮುಟ್ಟಿಸ್ತಿರಲಿಲ್ಲ.’

‘ಇದನ್ನ ಯಾಕೆ ನಂಗೆ ಹೇಳಲಿಲ್ಲ?’

ಅಂಬಿಗ ತಲೆ ಕೆರೆದುಕೊಂಡ. ‘ನೀವು ಕೇಳಲಿಲ್ಲ. ನಾನೂ ಅದನ್ನ ಕೆಲಸ ಅಂದ್ಕೊಂಡಿರಲಿಲ್ಲ. ದೋಣಿ ನಡೆಸೋದಷ್ಟೇ ನನ್ನ ಕೆಲಸ ಅಂತಿದ್ದೆ.’

ವ್ಯಾಪಾರಿ ಸೇತುವೆ ಕೆಡವಲಿಲ್ಲ. ಅದರ ನಡುಮಧ್ಯೆ ಗಳ ಕಟ್ಟಿಸಿ, ಅಂಬಿಗನನ್ನು ಕರೆತಂದು ಕೂರಿಸಿದ. ಸೀರೆಯ ಹೆಸರು ಮರಳಿ ಬಂತು. ಮಗಳ ಧಾರೆಯ ಗಳಿಗೆ ಮರಳಿ ಬರಲಿಲ್ಲ. ಮುಪ್ಪಿನಲ್ಲಿ ಅವನು ಮಧ್ಯಾಹ್ನವಾದರೆ ಸೇತುವೆಗೆ ಒರಗಿ ನದಿ ನೋಡುತ್ತಾ ನಿಲ್ಲುತ್ತಿದ್ದನಂತೆ. ಬಣ್ಣಬಣ್ಣದ ನೂಲು ಗಾಳಿಗೆ ಬಿಟ್ಟುಕೊಂಡು ಬರುತ್ತಿದ್ದ ಆ ದೋಣಿ ಎಷ್ಟು ಚೆಂದವಿತ್ತು! ಇಪ್ಪತ್ತು ವರ್ಷ ದಿನವೂ ಕಣ್ಣಿಗೆ ಬಿದ್ದಿತ್ತು. ತಡವಾಯಿತೆಂದು ಬೈದದ್ದೇ ಹೊರತು, ಅದರಲ್ಲಿ ಏನು ನಡೆಯುತ್ತದೆಂದು ಅವನು ಒಂದು ದಿನವೂ ನೋಡಿರಲಿಲ್ಲ.

ಕತೆ ಮುಗಿಸಿ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

ಕಾತ್ಯಾಯಿನಿ ಹಾಳೆಯನ್ನೇ ನೋಡುತ್ತಿದ್ದಳು. ಆ ಅಟೆಂಡರು ನರೆತ ತಲೆಯ, ಮೆಲುದನಿಯ ಮನುಷ್ಯ. ಎಂಟು ತಿಂಗಳು ಅವಳ ಕಣ್ಣೆದುರೇ ಲ್ಯಾಬಿನಿಂದ ವಾರ್ಡಿಗೆ ನಡೆದಾಡಿದ್ದರು. ಅವಳಿಗೆ ಚಹಾ ತಂದುಕೊಟ್ಟದ್ದೂ ಉಂಟು. ಅದನ್ನೆಲ್ಲ ನೆನೆದು ಅವಳಿಗೆ ನಾಚಿಕೆಯಾಯಿತು.

“ಅವರು ಪ್ರತಿ ಮಂಚದ ಹತ್ತಿರ ನಿಲ್ಲೋರು ಸರ್. ನಿನ್ನ ಹೆಸರೇನಪ್ಪ, ತಂದೆ ಹೆಸರೇನು, ಯಾವೂರು ಅಂತ ವಿಚಾರಿಸಿ ಆಮೇಲೇ ವರದಿ ಇಡೋರು. ನಾನು ಹರಟೆ ಅಂದ್ಕೊಂಡೆ. ಯೋಜನೆಯಲ್ಲಿ ನಲವತ್ತು ನಿಮಿಷ ದಂಡ ಅಂತ ಬರೆದೆ.”

ಮೇಷ್ಟ್ರು ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಬೆರಳಿಟ್ಟರು.

“ಎಲ್ಲರ ಹೆಸರು ಕೇಳುತ್ತಿದ್ದ ಆ ಮನುಷ್ಯನ ಹೆಸರೇನಮ್ಮ?”

ಕಾತ್ಯಾಯಿನಿ ಆ ಗೆರೆಯ ನಡುವೆ ಇನ್ನೊಂದು ಚೌಕ ಬರೆದಳು. ಅದರೊಳಗೆ ಬರೆಯಲು ಅವಳಿಗೆ ಆ ಹೆಸರು ಗೊತ್ತಿರಲಿಲ್ಲ.